ತ್ರಿಪದಿ ಆರಿಸಿದ ಪಾದ್ರಿ

ಕೇಳುಗರಿಗೆ ನಮಸ್ಕಾರ.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಸಾಲ ಕೇಳಲು ಯಾರಾದರೂ ಬಂದರೆ ಸಾಕು, ಸರ್ವಜ್ಞನ ತ್ರಿಪದಿಯೊಂದು ಬಾಯಿಂದ ಹೊರಗೆ ಬರುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಹೀಗೆ ಬಾಯಿಂದ ಬಾಯಿಗೆ ಓಡಾಡುತ್ತಿದ್ದ ಪದ್ಯಗಳನ್ನು ಸಾವಿರಗಟ್ಟಲೆ ಕೂಡಿಹಾಕಿ, 1924ರಲ್ಲಿ ಪುಸ್ತಕ ಮಾಡಿದವರು ಒಬ್ಬ ಪಾದ್ರಿ. ಹೆಸರು ಉತ್ತಂಗಿ ಚನ್ನಪ್ಪ.

ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ದೇವಶಾಸ್ತ್ರ ಕಲಿತದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ. ಆಮೇಲೆ ಚರ್ಚಿನ ಕೆಲಸ, ಪ್ರಾರ್ಥನೆ, ಉಪದೇಶ. ಆದರೆ ಮನಸ್ಸು ಹತ್ತಿದ್ದು ಸರ್ವಜ್ಞನಿಗೆ.

ಈ ಸಂಗ್ರಹ ಸುಮ್ನೆ ಆಗುವ ಕೆಲಸವಲ್ಲ. ತ್ರಿಪದಿ ಅಂದರೆ ಹೆಂಗಸರು ಬೀಸುವಾಗ ಹಾಡುತ್ತಿದ್ದ ಧಾಟಿ. ಕಲಿಯುವುದು ಸುಲಭ, ಕಟ್ಟುವುದೂ ಸುಲಭ. ಯಾರು ಬೇಕಾದರೂ ಮೂರು ಸಾಲು ಹೊಸೆದು ಕೊನೆಗೆ 'ಸರ್ವಜ್ಞ' ಅಂತ ಸೇರಿಸಿಬಿಡಬಹುದು. ಒಂದೇ ಪದ್ಯ ಹಾವೇರಿಯಲ್ಲಿ ಒಂದು ಥರ, ಬಳ್ಳಾರಿಯಲ್ಲಿ ಇನ್ನೊಂದು ಥರ. ಯಾವುದು ಕಾಳು, ಯಾವುದು ಜೊಳ್ಳು? ಸುಮಾರು ಎರಡು ಸಾವಿರ ಪದ್ಯಗಳನ್ನು ಹೀಗೆ ಕೇರಿ, ಆರಿಸಿ, ಜೋಡಿಸಿ ಇಡಬೇಕು. ಎಲ್ಲರಿಂದ ಒಂದೊಂದು ನುಡಿ ಕಲಿತವನು ತಾನು ಎಂದು ಸರ್ವಜ್ಞ ಹೇಳಿಕೊಳ್ಳುತ್ತಾನೆ. ಅವನ ಬೆನ್ನು ಹತ್ತಿದವರಿಗೂ ಬೇರೆ ದಾರಿ ಇರಲಿಲ್ಲ. ಉತ್ತಂಗಿಯವರಿಗೆ 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಬಂತು. ತಿರಿದು ತಿನ್ನುವವನ ಹೆಸರು! ಸರ್ವಜ್ಞನೂ ತಿರುಕನೇ ತಾನೆ.

ಅವರು ತಮ್ಮ ಧರ್ಮವನ್ನು ಮುಚ್ಚಿಟ್ಟವರಲ್ಲ. ಅವರ ಒಂದು ಪುಸ್ತಕದ ಹೆಸರೇ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ವಿನಂತಿ ಅನ್ನುವ ಆ ಮಾತು ನನಗೆ ತುಂಬ ಇಷ್ಟ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುತ್ತಿಲ್ಲ, ಕೇಳಿಕೊಳ್ಳುತ್ತಿದೆ.

1949ರ ಮಾರ್ಚಿನಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ. ನಿಜಾಮರ ಆಳ್ವಿಕೆ ಮುಗಿದು ಆಗಿನ್ನೂ ಆರೇ ತಿಂಗಳು. ಧರ್ಮದ ಹೆಸರಿನಲ್ಲಿ ಆದ ಗಾಯಗಳು ಹಸಿಯಾಗಿದ್ದ ನೆಲ ಅದು. ಅಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಅಷ್ಟು ಹೊತ್ತಿಗೆ ಅವರು ಶರಣರ ವಚನಗಳ ಒಳಗೆ ಇಳಿದಿದ್ದರು. ಬಸವಣ್ಣನವರ ಅನುಭವ ಮಂಟಪ ನಿಜವಾಗಿ ಇತ್ತೇ, ಅದು ಬರೀ ಕಲ್ಪನೆಯೇ ಎಂದು ಪಂಡಿತರಲ್ಲಿ ವಾದ ಎದ್ದಿತ್ತು. 1951ರಲ್ಲಿ 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಪುಸ್ತಕ ಬರೆದು, ಇತ್ತು ಎಂದು ವಾದಿಸಿದರು. ಶರಣರ ಪರವಾಗಿ ಸಾಕ್ಷಿ ಹುಡುಕಿ ತಂದವರು ಚರ್ಚಿನ ಪಾದ್ರಿ, ನೋಡಿ! ಮೋಳಿಗೆ ಮಾರಯ್ಯ, ಸಿದ್ಧರಾಮ, ಹೀಗೆ ಒಬ್ಬೊಬ್ಬರ ವಚನಗಳನ್ನೂ ಶೋಧಿಸಿ ಅಚ್ಚು ಹಾಕಿಸುತ್ತ ಹೋದರು. ಆದಯ್ಯನ ವಚನಗಳು ಹೊರಬಂದಾಗ 1957. ಅವರ ವಯಸ್ಸು ಎಪ್ಪತ್ತೈದು ದಾಟಿತ್ತು.

ನಮಸ್ಕಾರ.