ಕರಿಯಾಕ ಬಂತು, ಬಿಡಾಕ ಬರಲಿಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ, ಹೈಸ್ಕೂಲು ಮಕ್ಕಳಿರುವ ಮನೆಯವರನ್ನು ಕಣ್ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ನನ್ನದು ಒಂದೇ ಮಾತು. ಮಾಯೆ-ಮಂತ್ರದ ಕಥೆ ಓದುತ್ತಾ ಕೂತ ಮಕ್ಕಳನ್ನು ‘ಇದೆಲ್ಲ ಸುಳ್ಳು, ಏಳು’ ಅಂತ ಎಬ್ಬಿಸಬೇಡಿ. ಒಳ್ಳೆಯ ಮಾಯಾಕಥೆಯಲ್ಲಿ ಯಾವ ಮಂತ್ರವೂ ಪುಕ್ಕಟೆ ಅಲ್ಲ. ಆ ಲೆಕ್ಕ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮೂರ ಗ್ರಂಥಾಲಯದಲ್ಲಿ ಕಳೆದ ತಿಂಗಳು ಪೂರ್ತಿ ಒಂದೇ ಕಾದಂಬರಿ ಹಿಡಿದು ಕೂತೆವು. ಪುಸ್ತಕ ಇಂಗ್ಲಿಷಿನದು. ನಾನು ಸ್ವಲ್ಪ ಓದುವುದು, ಕನ್ನಡದಲ್ಲಿ ಹೇಳುವುದು, ಆಮೇಲೆ ಮಕ್ಕಳು ಜಗಳಕ್ಕೆ ನಿಲ್ಲುವುದು. ಹೀಗೇ ನಡೆಯಿತು. ಅವಸರವೇ ಮಾಡಲಿಲ್ಲ.

ಕಾದಂಬರಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಅಮೆರಿಕದ ಉರ್ಸುಲಾ ಲೆ ಗ್ವಿನ್ ಅವರದು, 1968ರಲ್ಲಿ ಬಂತು. ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಅಂತ ಪ್ರಕಾಶಕರು ಕೇಳಿದ್ದರು. ಕಥೆಗಳಲ್ಲಿ ಮಾಂತ್ರಿಕ ಅಂದರೆ ಯಾವಾಗಲೂ ಬಿಳಿ ಗಡ್ಡದ ಮುದುಕ, ಅಲ್ವಾ? ಅವನೂ ಒಂದು ಕಾಲಕ್ಕೆ ಹುಡುಗನಾಗಿದ್ದನಲ್ಲ, ಆಗ ಹೇಗಿದ್ದ, ಈ ವಿದ್ಯೆಯನ್ನು ಎಲ್ಲಿ ಕಲಿತ? ಲೇಖಕಿ ಹಾಗೆ ಯೋಚಿಸಿದರು. ಆ ಯೋಚನೆಯಿಂದ ಹುಟ್ಟಿದವನು ಗೆಡ್.

ಗೆಡ್ ಗಾಂಟ್ ಎಂಬ ದ್ವೀಪದಲ್ಲಿ ಆಡು ಕಾಯುವ ಹುಡುಗ. ತಾಯಿ ಇಲ್ಲ, ಅಪ್ಪ ಕಂಚುಗಾರ. ಒಂದು ದಿನ ಗುಡಿಸಲಿನ ಮೇಲೆ ಹತ್ತಿ ನಿಂತ ಆಡೊಂದನ್ನು ತಾಯಿಯ ಕಡೆಯ ಸಂಬಂಧಿ ಹೆಂಗಸು ಏನೋ ಮಂತ್ರ ಕೂಗಿ ಇಳಿಸುತ್ತಾಳೆ. ಹುಡುಗ ಅದನ್ನು ಕೇಳಿಸಿಕೊಂಡ. ಮರುದಿನ ಗುಡ್ಡದಲ್ಲಿ ತಾನೂ ಸುಮ್ನೆ ಕೂಗಿ ನೋಡಿದ. ಮೇಯುತ್ತಿದ್ದ ಆಡುಗಳೆಲ್ಲ ಸದ್ದಿಲ್ಲದೆ ಬಂದವು. ಇನ್ನೊಮ್ಮೆ ಕೂಗಿದ. ಮೈಗೆ ಮೈ ಒತ್ತಿಕೊಂಡು ಸುತ್ತುಗಟ್ಟಿದವು. ಅವನು ಓಡಿದರೆ ಅವೂ ಓಡುತ್ತವೆ. ಊರೊಳಗೆ ಬಂದರೂ ಬಿಡಲಿಲ್ಲ. ಊರವರು ನಕ್ಕರು.

ಇಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತ. ಅವರ ಮನೆಯಲ್ಲೂ ಆಡು ಇವೆ, ರಜೆ ಇದ್ದರೆ ಅವನೇ ಕಾಯಬೇಕು. ‘ಸರ, ಆಡು ಹಂಗ ಬರಂಗಿಲ್ಲ’ ಅಂದ. ಕುರಿಯಾದರೆ ಒಂದರ ಹಿಂದೆ ಒಂದು ಬರುತ್ತದಂತೆ. ಆಡು ಹಾಗಲ್ಲ. ‘ಬೇಲಿ ನೋಡತೈತಿ, ಗಿಡ ನೋಡತೈತಿ, ಆಮ್ಯಾಲ ಮನಸಿದ್ರ ನಿಮ್ಮನ್ನ ನೋಡತೈತಿ.’ ಅದು ಮಂತ್ರದ ಪ್ರಭಾವ ಕಣೋ ಅಂತ ಉಳಿದವರು ಕೂಗಿದರು. ಇವನು ಜಗ್ಗಲಿಲ್ಲ. ‘ಅದಕ ಹೇಳಾಕತ್ತೀನಿ. ಎಲ್ಲಾ ಆಡೂ ಒಮ್ಮೆಲೇ ಬಾಯಿ ಮುಚ್ಚಿಕೊಂಡು ಬಂದ್ವು ಅಂದ್ರ ನಗಾಕ ಏನೈತಿ? ನಾನಾಗಿದ್ರ ಅಲ್ಲೇ ಅಂಜತಿದ್ದೆ.’

ಹಾಗಾದರೆ ಗೆಡ್ ಮಾಡಿದ ತಪ್ಪೇನಪ್ಪಾ ಅಂತ ಕೇಳಿದೆ. ಆ ಹುಡುಗನ ಉತ್ತರ ಕೇಳಿ: ‘ಕರಿಯಾಕ ಬಂತು, ಬಿಡಾಕ ಬರಲಿಲ್ಲ. ಸಂಜಿಕ ದೊಡ್ಡಿಗೆ ಹೊಡಿಯಾಕ ಬರದವ ಮುಂಜಾನೆ ಯಾಕ ಬಿಚ್ಚಬೇಕು ಸರ?’

ಇಡೀ ಕಾದಂಬರಿ ಇರುವುದೇ ಇದರಲ್ಲಿ. ಮುಂದೆ ಗೆಡ್ ರೋಕ್ ದ್ವೀಪದ ಮಾಂತ್ರಿಕರ ಶಾಲೆ ಸೇರುತ್ತಾನೆ. ಬುದ್ಧಿವಂತ, ಜೊತೆಗೆ ಬಹಳ ಗರ್ವ. ಜಾಸ್ಪರ್ ಎಂಬ ಹುಡುಗ ಕೆಣಕುತ್ತಾನೆ. ಅವನ ಬಾಯಿ ಮುಚ್ಚಿಸಲು ಗೆಡ್ ಎಂದೋ ಸತ್ತುಹೋದ ಹೆಂಗಸಿನ ಆತ್ಮವನ್ನೇ ಕರೆಯುತ್ತಾನೆ. ಲೋಕವೇ ಬಿರುಕು ಬಿಟ್ಟು ಅವಳ ಜೊತೆ ಇನ್ನೊಂದು ನುಗ್ಗಿ ಬರುತ್ತದೆ. ಕಪ್ಪು ನೆರಳು. ಗೆಡ್‌ನ ಮುಖ ಪರಚುತ್ತದೆ. ಆ ಬಿರುಕು ಮುಚ್ಚಿದ ಶಾಲೆಯ ಹಿರಿಯ ಗುರು ಜೀವ ಬಿಡುತ್ತಾನೆ. ನಾನು ಓದಿ ನಿಲ್ಲಿಸಿದೆ. ಹಿಂದಿನ ಸಾಲಿನ ಹುಡುಗಿ ಮೆಲ್ಲಗೆ ಅಂದಳು, ‘ಆಡಿಂದು ಮತ್ತ ಆತು.’

ಇದು ನಿಜವಾ ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದವರೆಲ್ಲ ದೊಡ್ಡವರು. ಇದು ಪರೀಕ್ಷೆಗೆ ಬರುತ್ತಾ ಅಂತಲೂ ಕೇಳಿದರು. ಸ್ವಾಮಿ, ನಾವು ಆನೆಗೊಂದಿಯವರು, ಅಂಜನಾದ್ರಿಯವರು. ಬಂದ ನೆಂಟರಿಗೆ ಕಿಷ್ಕಿಂಧೆ ಇದೇ ಅಂತ ಕೈ ತೋರಿಸುವವರು. ನಮ್ಮ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯಲ್ಲಿ ರಾಮಾಯಣ, ಮಹಾಭಾರತ ಆಡಿಸಿದ ಜೀವ ಅದು. ಪರದೆಯ ಹಿಂದೆ ದೀಪ, ಮುಂದೆ ನೆರಳು. ಅಲ್ಲಿ ಕೂತು ಯಾರಾದರೂ ‘ಇದು ಬರೀ ತೊಗಲು’ ಅಂತ ಎದ್ದು ಹೋಗುತ್ತಾರಾ? ಹತ್ತನೇ ತರಗತಿಯ ಹುಡುಗಿಗೆ ಮಾತ್ರ ಯಾಕೆ ಬೇರೆ ಕಾನೂನು?

ಆಡಿನ ಮಾತಲ್ಲೇ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಓಡಿಸುತ್ತೇನೆ. ಗೆಡ್ ಬಿಳಿಯನಲ್ಲ, ಕೆಂಪು-ಕಂದು ಮೈಬಣ್ಣದವನು. 2004ರ ಟಿವಿ ಸರಣಿಯಲ್ಲಿ ಅವನನ್ನು ಬಿಳಿಯನಾಗಿ ಮಾಡಿದಾಗ ಲೇಖಕಿ ಬಹಿರಂಗವಾಗಿಯೇ ಸಿಟ್ಟಾದರು. ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶ ಇಲ್ಲ, ಹೆಂಗಸರ ಮಂತ್ರ ಅಂದರೆ ಕೀಳು. ನಮ್ಮ ಹುಡುಗಿಯರು ಇದನ್ನು ಹಿಡಿದುಕೊಂಡು ಚೆನ್ನಾಗಿ ಝಾಡಿಸಿದರು. ಝಾಡಿಸಲೇಬೇಕು. ಲೇಖಕಿಗೂ ಅದು ಕಾಡಿರಬೇಕು. ಇದೇ ಕಥಾಸರಣಿಯ 1971ರ ಎರಡನೇ ಪುಸ್ತಕದಲ್ಲಿ ಟೆನಾರ್ ಎಂಬ ಹುಡುಗಿಯೇ ನಾಯಕಿ. 1990ರ ನಾಲ್ಕನೆಯದರಲ್ಲಿ ಅವಳು ನಡುವಯಸ್ಸಿನ ಹೆಂಗಸಾಗಿ ಮತ್ತೆ ಬರುತ್ತಾಳೆ. ನೆರಳನ್ನು ಗೆಡ್ ಏನು ಮಾಡಿದ ಅನ್ನುವುದನ್ನು ಮಾತ್ರ ಹೇಳಲ್ಲ, ನೀವೇ ಓದಿ.

ನಿಮ್ಮ ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಇದೆ. ಕರೆದುಕೊಂಡು ಹೋಗಿ. ಇಂಗ್ಲಿಷ್ ಬರದಿದ್ದರೆ ಓದಿ ಹೇಳುವ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಹುಡುಕಿ. ಓದಿದ ಮೇಲೆ ಸಾರಾಂಶ ಬರೆಸಬೇಕಾ ಅಂತ ಒಬ್ಬರು ಮಾಸ್ತರು ಕೇಳಿದರು. ದಯವಿಟ್ಟು ಬೇಡ ಸರ್. ಮುಂದಿನ ಪುಸ್ತಕ ಕೊಟ್ಟು ಸುಮ್ಮನಿರಿ. ನಮಸ್ಕಾರ.