ಕ್ಯಾಂಪಿನಲ್ಲಿ ಹುಟ್ಟಿದ ಆಲ್ಬಂ

ಮಾನ್ಯ ಸಭಿಕರೇ,

ದಾವಣಗೆರೆಯು ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿದ್ದಾಗ, 1996ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಆರ್.ಇ.ಎಂ. ಎಂಬ ರಾಕ್ ಸಂಗೀತ ತಂಡದ ‘ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ’ ಎಂಬ ಆಲ್ಬಂ ಹೊರಬಂದಿತು. ಈ ತಂಡದ ಹೆಸರು ಬಲ್ಲವರಿಗೆ 1991ರ ‘ಲೂಸಿಂಗ್ ಮೈ ರಿಲಿಜನ್’ ಹಾಡಿನ ಮ್ಯಾಂಡೊಲಿನ್ ನೆನಪಿರುತ್ತದೆ. ಇನ್ನಷ್ಟು ಬಲ್ಲವರು ಮರುವರ್ಷದ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಮ್ಮನ್ನು ಕೊಂಡಾಡುತ್ತಾರೆ. ಅವೆರಡರ ನೆರಳಿನಲ್ಲಿ ಉಳಿದುಹೋದ, ಅವುಗಳಷ್ಟು ಮಾರಾಟವೂ ಆಗದ ಈ ಕೃತಿಯೇ ತಂಡದ ಶ್ರೇಷ್ಠ ಸಾಧನೆ ಎಂಬುದು ನನ್ನ ವಾದ.

ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಈ ದಾವಣಗೆರೆಗೆ, ಊರೂರು ಸುತ್ತುವ ನಾಟಕ ಕಂಪನಿ ಬಿಡಾರ ಹೂಡುವ ಕ್ಯಾಂಪ್ ಎಂದರೇನೆಂದು ನಾನು ವಿವರಿಸಬೇಕಿಲ್ಲ. ನಟನಿಗೆ ಜ್ವರ ಬಂದರೂ ರಾತ್ರಿಯ ಆಟ ನಿಲ್ಲದ, ಒಂದೂರಿನಲ್ಲಿ ಆಡುತ್ತಲೇ ಮುಂದಿನೂರಿಗೆ ಹೊಸ ನಾಟಕವನ್ನು ಸಿದ್ಧಗೊಳಿಸುವ ಆ ಬದುಕಿಗೆ ಆರ್.ಇ.ಎಂ. ತಂಡದ 1995ರ ಪ್ರವಾಸ ಬಹಳ ಹತ್ತಿರದ್ದು. ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಪ್ರದರ್ಶನದ ನಡುವೆಯೇ ಡ್ರಮ್ ವಾದಕ ಬಿಲ್ ಬೆರಿ ಮಿದುಳಿನ ರಕ್ತನಾಳದ ತೊಂದರೆಯಿಂದ ಕುಸಿದರು. ಜುಲೈನಲ್ಲಿ ಬಾಸ್ ವಾದಕ ಮೈಕ್ ಮಿಲ್ಸ್ ಅವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಮರುತಿಂಗಳು ಗಾಯಕ ಮೈಕಲ್ ಸ್ಟೈಪ್ ಹರ್ನಿಯಾ ಚಿಕಿತ್ಸೆಗೆ ಒಳಗಾದರು. ಇಷ್ಟಾದರೂ ಅವರು ಎಂಟು ಟ್ರ್ಯಾಕಿನ ಧ್ವನಿಮುದ್ರಣ ಯಂತ್ರಗಳನ್ನು ಜೊತೆಗೆ ಹೊತ್ತೊಯ್ದು, ಪ್ರದರ್ಶನಗಳಲ್ಲಿಯೂ ಅವುಗಳಿಗೆ ಮುಂಚಿನ ಸೌಂಡ್ ಚೆಕ್ಕಿನಲ್ಲಿಯೂ ಹೊಸ ಹಾಡುಗಳನ್ನು ಮುದ್ರಿಸಿಕೊಂಡರು. ‘ಝಿಥರ್’ ಎಂಬ ಪುಟ್ಟ ವಾದ್ಯರಚನೆಯಂತೂ ಫಿಲಡೆಲ್ಫಿಯಾದ ಡ್ರೆಸಿಂಗ್ ರೂಮಿನಲ್ಲಿ ಮುದ್ರಿತವಾದದ್ದು. ಉಳಿದ ಕೆಲವನ್ನು ಸಿಯಾಟಲ್ ನಗರದ ಸ್ಟುಡಿಯೋದಲ್ಲಿ ಮುಗಿಸಿದರು.

ಅಟ್ಲಾಂಟಾದ ಸೌಂಡ್ ಚೆಕ್ಕಿನಲ್ಲಿ ಮುದ್ರಿಸಿದ ‘ಲೀವ್’ ಹಾಡನ್ನೇ ಗಮನಿಸಿ. ಮೊದಲು ಮೆಲ್ಲನೆಯ ಗಿಟಾರ್. ಆಮೇಲೆ ಸೈರನ್ನಿನಂತೆ ಏರಿಳಿಯುವ ಸಿಂಥಸೈಜರ್ ನಾದವೊಂದು ಶುರುವಾಗಿ, ಏಳು ನಿಮಿಷ ಮೀರುವ ಆ ಹಾಡಿನುದ್ದಕ್ಕೂ ಕೇಳುಗನನ್ನು ಬಿಡದೆ ಹಿಂಬಾಲಿಸುತ್ತದೆ. ಮೊದಲ ಸಲ ಅದು ಕಿರಿಕಿರಿಯೆನಿಸುವುದು ಸಹಜ, ನನಗೂ ಅನಿಸಿತ್ತು. ಆದರೆ ಹೊರಟುಹೋಗಬೇಕೆಂಬ ತಹತಹವನ್ನು ಮಾತಿಗಿಂತ ಮೊದಲೇ ಹೇಳುವುದು ಆ ಸೈರನ್ನೇ.

‘ಇ-ಬೋ ದ ಲೆಟರ್’ ಇನ್ನೂ ವಿಚಿತ್ರವಾದದ್ದು. ಇ-ಬೋ ಎಂಬುದು ತಂತಿಯನ್ನು ಮೀಟದೆಯೇ ಕಾಂತಬಲದಿಂದ ಕಂಪಿಸುವಂತೆ ಮಾಡುವ, ಅಂಗೈಯಲ್ಲಿ ಹಿಡಿಯಬಹುದಾದ ಸಾಧನ. ಅದರಿಂದ ಹೊಮ್ಮುವ ಸ್ವರ ಶ್ರುತಿಪೆಟ್ಟಿಗೆಯಂತೆ ಎಡೆಬಿಡದೆ ನಿಲ್ಲುತ್ತದೆ. ಅದರ ಮೇಲೆ ಸ್ಟೈಪ್ ಪತ್ರ ಓದುವವರಂತೆ ಹಾಡುತ್ತಾರೆ, ಹಿಂದಿನಿಂದ ಅಮೆರಿಕದ ಗಾಯಕಿ ಪ್ಯಾಟಿ ಸ್ಮಿತ್ ಅವರ ಒರಟು ದನಿ ಏಳುತ್ತದೆ. ಇಂಥ ಹಾಡನ್ನು ಆಲ್ಬಮ್ಮಿನ ಮೊದಲ ಸಿಂಗಲ್ಲಾಗಿ, ಅಂದರೆ ಬಿಡಿ ಹಾಡಾಗಿ, ಬಿಡುಗಡೆ ಮಾಡಿದ್ದು ವ್ಯಾಪಾರದ ಲೆಕ್ಕದಲ್ಲಿ ತಪ್ಪಾಗಿರಬಹುದು, ಕಲೆಯ ಲೆಕ್ಕದಲ್ಲಿ ಖಂಡಿತ ಅಲ್ಲ.

ಹದಿನಾಲ್ಕು ರಚನೆಗಳ ಈ ಆಲ್ಬಂ ಅರವತ್ತೈದು ನಿಮಿಷದಷ್ಟು ಉದ್ದವಿದೆ. ಗದ್ದಲದ ಒಂದೆರಡು ಹಾಡುಗಳಿಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಕೊನೆಯ ‘ಎಲೆಕ್ಟ್ರೊಲೈಟ್’ ಬಂದಾಗ ಆ ದೂರು ಮರೆತುಹೋಗುತ್ತದೆ. ಲಾಸ್ ಏಂಜಲೀಸಿನ ಮುಲ್ಹಾಲಂಡ್ ರಸ್ತೆಯ ಎತ್ತರದಿಂದ ನಗರದ ದೀಪಗಳನ್ನು ನೋಡುತ್ತಾ ಇಪ್ಪತ್ತನೆಯ ಶತಮಾನಕ್ಕೆ ವಿದಾಯ ಹೇಳುವ ಈ ಪಿಯಾನೊ ಹಾಡಿನ ಕಡೆಯಲ್ಲಿ ವಾದ್ಯಗಳೆಲ್ಲ ನಿಂತು, ತಾನಿನ್ನು ಹೊರಟೆನೆಂಬ ದನಿಯೊಂದೇ ಉಳಿಯುತ್ತದೆ. ನಿಜವಾಗಿ ಹೊರಟವರು ಬಿಲ್ ಬೆರಿ. 1997ರ ಅಕ್ಟೋಬರಿನಲ್ಲಿ ಅವರು ತಂಡವನ್ನು ಬಿಟ್ಟು, ಜಾರ್ಜಿಯಾದ ತಮ್ಮ ಜಮೀನಿನಲ್ಲಿ ಹುಲ್ಲು ಬೆಳೆಯುವ ರೈತರಾದರು.