ಮೇಜಿನ ಮೇಲೆ ಓಡುವ ರೇಡಿಯೋ ಪಕ್ಕದ ಕೋಣೆಯಲ್ಲಿ ಯಾಕೆ ಮುನಿಸಿಕೊಳ್ಳುತ್ತದೆ?

[ದೃಶ್ಯ: ಮೇಜಿನ ಮೇಲೆ ಎರಡು ಆರ್ಡುಯಿನೋ ಬೋರ್ಡ್. ಒಂದರ ಬಟನ್ ಒತ್ತಿದರೆ ಇನ್ನೊಂದರ ಎಲ್‌ಇಡಿ ಹೊತ್ತುತ್ತದೆ.]

ಇಲ್ಲಿ ಬಟನ್ ಒತ್ತಿದೆ, ಅಲ್ಲಿ ಎಲ್‌ಇಡಿ ಹೊತ್ತಿತು. ನಡುವೆ ವೈರ್ ಇಲ್ಲ. ಇಷ್ಟಾದ ಕೂಡಲೇ "ಲಿಂಕ್ ರೆಡಿ" ಅಂತ ಫೋಟೋ ತೆಗೆದುಬಿಡುತ್ತೇವೆ, ಅಲ್ವಾ? ನಾನೂ ತೆಗೆದಿದ್ದೇನೆ.

[ದೃಶ್ಯ: ಒಂದು ಬೋರ್ಡ್ ಹಿಡಿದು ಪಕ್ಕದ ಕೋಣೆಗೆ. ಬಟನ್ ಒತ್ತಿದರೆ ಏನೂ ಇಲ್ಲ. ಮತ್ತೆ ಒತ್ತಿದಾಗ ಹೊತ್ತುತ್ತದೆ.]

ಈಗ ನೋಡಿ. ಒಂದ್ಸಲ ಬಂತು, ಒಂದ್ಸಲ ಬರಲಿಲ್ಲ. ಅರ್ಧ ಮೀಟರ್ ದೂರದಲ್ಲಿ ಆಂಟೆನಾ ಸರಿಯಿಲ್ಲದ ರೇಡಿಯೋ ಕೂಡ ಜಾಣನಂತೆ ನಡೆದುಕೊಳ್ಳುತ್ತದೆ. ಹಾಗಾಗಿ ಎಲ್‌ಇಡಿ ಹೊತ್ತಿತಾ ಅಂತ ನೋಡುವುದು ಬಿಟ್ಟು, ಸಾವಿರಕ್ಕೆ ಎಷ್ಟು ಪ್ಯಾಕೆಟ್ (ರೇಡಿಯೋ ಒಂದು ಸಲಕ್ಕೆ ಕಳಿಸುವ ಸುದ್ದಿಯ ತುಂಡು) ತಲುಪಿತು ಅಂತ ಎಣಿಸೋಣ.

ನನ್ನ ಕೈಯಲ್ಲಿರುವುದು ಎನ್‌ಆರ್‌ಎಫ್24ಎಲ್01 ಪ್ಲಸ್ ಅನ್ನುವ ಪುಟ್ಟ ರೇಡಿಯೋ ಮಾಡ್ಯೂಲ್. 2.4 ಗಿಗಾಹರ್ಟ್ಸ್, ಒಂದು ಪ್ಯಾಕೆಟ್‌ಗೆ ಹೆಚ್ಚೆಂದರೆ 32 ಬೈಟ್. ನಿಮ್ಮ ಹತ್ತಿರ ಇಎಸ್‌ಪಿ32 ಇದ್ದರೂ, ಬ್ಲೂಟೂತ್ ಬೋರ್ಡ್ ಇದ್ದರೂ ಪರವಾಗಿಲ್ಲ. ಎಣಿಸುವ ರೀತಿ ಒಂದೇ.

[ದೃಶ್ಯ: ಮಾಡ್ಯೂಲ್‌ನ ಪಿನ್‌ಗಳು, ತೀರಾ ಹತ್ತಿರದಿಂದ. ಪುಟ್ಟ ಕೆಪಾಸಿಟರ್ ಒಂದನ್ನು ಬೆಸುಗೆ ಹಾಕುತ್ತಿರುವುದು.]

ಎಣಿಸುವ ಮುಂಚೆ ಕರೆಂಟ್ ವಿಷಯ. ಈ ಮಾಡ್ಯೂಲ್ 3.6 ವೋಲ್ಟ್‌ಗಿಂತ ಜಾಸ್ತಿ ತಡೆಯುವುದಿಲ್ಲ. ಕರೆಂಟ್ ಒಳಬರುವ ವಿಸಿಸಿ ಪಿನ್ನನ್ನು 5 ವೋಲ್ಟ್‌ಗೆ ಸಿಕ್ಕಿಸಿದರೆ ಕಥೆ ಮುಗಿಯಿತು. 3.3 ವೋಲ್ಟ್ ಕೊಟ್ಟರೂ ಇನ್ನೊಂದು ಕಾಟ ಇದೆ. ರೇಡಿಯೋ ಆನ್ ಆಗುವ ಕ್ಷಣದಲ್ಲಿ ಕರೆಂಟ್ ದಿಢೀರನೆ ಏರುತ್ತದೆ. ಉದ್ದನೆಯ ಜಂಪರ್ ವೈರ್, ಸಡಿಲ ಬ್ರೆಡ್‌ಬೋರ್ಡ್ ಇದ್ದರೆ ಅಷ್ಟರಲ್ಲೇ ವೋಲ್ಟೇಜ್ ಕುಸಿಯುತ್ತದೆ. ಪ್ಯಾಕೆಟ್ ಹಾಳಾಗುತ್ತದೆ, ಬೈಗುಳ ಮಾತ್ರ ಕೋಡ್‌ಗೆ ಬೀಳುತ್ತದೆ. ನಾನು ಮೊದಲ ಸಲ ಎರಡು ದಿನ ಕೋಡ್ ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಬೇಕಾಗಿದ್ದದ್ದು ಇದು: 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ಆ ಕ್ಷಣದ ಕರೆಂಟ್ ಕೂಡಿಟ್ಟು ಕೊಡುವ ಪುಟ್ಟ ಭಾಗ), ವಿಸಿಸಿ ಮತ್ತು ಗ್ರೌಂಡ್ ನಡುವೆ, ಮಾಡ್ಯೂಲ್‌ಗೆ ಅಂಟಿಕೊಂಡಂತೆ. ಪಟ್ಟಿ ಇರುವ ಬದಿ ಗ್ರೌಂಡ್‌ಗೆ. ಬ್ರೆಡ್‌ಬೋರ್ಡ್‌ನ ಆ ತುದಿಯಲ್ಲೆಲ್ಲೋ ಹಾಕಿದರೆ ಅಷ್ಟೇನೂ ಪ್ರಯೋಜನ ಇಲ್ಲ.

[ದೃಶ್ಯ: ಸೀರಿಯಲ್ ಮಾನಿಟರ್. ಪ್ಯಾಕೆಟ್ ನಂಬರ್‌ಗಳು ಓಡುತ್ತಿವೆ: 411, 412, 415, 416.]

ಕಳಿಸುವ ಬೋರ್ಡ್ ಪ್ರತಿ ಪ್ಯಾಕೆಟ್‌ಗೂ ಒಂದು ನಂಬರ್ ಹಾಕುತ್ತದೆ. ಇಲ್ಲಿ 412 ಆದ ಮೇಲೆ 415 ಬಂತು, ಅಂದರೆ ನಡುವೆ ಎರಡು ಕಳೆದುಹೋದವು. ಇಷ್ಟೇ ಲೆಕ್ಕ. ಆದರೆ ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಉತ್ತರ ಬರದಿದ್ದರೆ ಈ ಚಿಪ್ ತಾನೇ ಮತ್ತೆ ಮತ್ತೆ ಕಳಿಸುತ್ತದೆ, 15 ಸಲದವರೆಗೂ. ಹತ್ತನೇ ಸಲಕ್ಕೆ ತಲುಪಿದರೂ ನಿಮ್ಮ ಕೋಡ್‌ಗೆ ಕಾಣುವುದು "ತಲುಪಿತು" ಅಂತ ಮಾತ್ರ. ಲಿಂಕ್ ಏದುಸಿರು ಬಿಡುತ್ತಿರುತ್ತದೆ, ಸ್ಕ್ರೀನ್ ಮೇಲೆ ಸಾವಿರಕ್ಕೆ ಸಾವಿರ! ಅದಕ್ಕೇ ಅಳೆಯುವಾಗ ಎರಡೂ ಬೋರ್ಡ್‌ಗಳಲ್ಲಿ ಆಟೋ ಆಕ್ ("ತಲುಪಿತು" ಅಂತ ತಾನೇ ಉತ್ತರ ಕೊಡುವ ವ್ಯವಸ್ಥೆ) ಆಫ್ ಮಾಡಿ. ಅಳೆದು ಮುಗಿದ ಮೇಲೆ ಆನ್ ಮಾಡಿಕೊಳ್ಳಿ.

ಇನ್ನು ದೂರ. 80 ಮೀಟರ್ ಪರೀಕ್ಷೆಗೆ ಬಯಲಿಗೇ ಹೋಗಬೇಕಾ? ಮೊದಲೇ ಬೇಡ. ಅಡ್ಡ ಏನೂ ಇಲ್ಲದ ಕಡೆ ದೂರ ಎರಡು ಪಟ್ಟಾದರೆ ಸಿಗ್ನಲ್ 6 ಡಿಬಿ (ಡೆಸಿಬೆಲ್), ಅಂದರೆ ಸುಮಾರು ಕಾಲು ಭಾಗಕ್ಕೆ, ಇಳಿಯುತ್ತದೆ. ಈ ಚಿಪ್‌ನಲ್ಲಿ ಪವರ್ ಇಳಿಸುವ ಮೆಟ್ಟಿಲುಗಳೂ ಸರಿಯಾಗಿ ಅಷ್ಟೇ: 0, ಮೈನಸ್ 6, ಮೈನಸ್ 12, ಮೈನಸ್ 18 ಡಿಬಿಎಂ (ಪವರ್‌ನ ಅಳತೆ; ಇಲ್ಲಿ 0 ಅಂದರೆ ಪೂರ್ತಿ ಪವರ್). ಒಂದು ಮೆಟ್ಟಿಲು ಇಳಿದರೆ ದೂರ ಎರಡು ಪಟ್ಟಾದಂತೆ. ಅಂದರೆ ಮೈನಸ್ 18ರಲ್ಲಿ 10 ಮೀಟರ್ ಗೆದ್ದ ಲಿಂಕ್, ಪೂರ್ತಿ ಪವರ್‌ನಲ್ಲಿ 80 ಮೀಟರ್‌ಗೆ ಹತ್ತಿರ. ಗೋಡೆ ಬಂದರೆ ಈ ಲೆಕ್ಕ ಕೈಕೊಡುತ್ತದೆ, ನಿಜ. ಆದರೂ ಕುರ್ಚಿ ಬಿಟ್ಟು ಏಳದೆ ಎರಡು ಆಂಟೆನಾಗಳಲ್ಲಿ ಯಾವುದು ವಾಸಿ ಅಂತ ಹೇಳಬಹುದು. ನನಗಂತೂ ಇದಕ್ಕಿಂತ ಇಷ್ಟವಾದ ಉಪಾಯ ಇಲ್ಲ.

[ದೃಶ್ಯ: ಸ್ಕೇಲ್ ಪಕ್ಕದಲ್ಲಿ ಬೋರ್ಡ್. ಮೂರು ಸೆಂಟಿಮೀಟರ್ ಸರಿಸಿದಾಗ ಎಣಿಕೆ ಬದಲಾಗುವುದು.]

ಬೋರ್ಡನ್ನು ಸುಮ್ನೆ ಮೂರು ಸೆಂಟಿಮೀಟರ್ ಸರಿಸಿದೆ. ಎಣಿಕೆ ಎಷ್ಟು ಬದಲಾಯಿತು ನೋಡಿ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ನೇರ ಬಂದ ಅಲೆ, ಗೋಡೆಗೆ ಬಡಿದು ಬಂದ ಅಲೆ ಒಂದು ಕಡೆ ಕೂಡಿಕೊಳ್ಳುತ್ತವೆ, ಕೆಲವೇ ಸೆಂಟಿಮೀಟರ್ ಆಚೆ ಒಂದನ್ನೊಂದು ಕೊಂದುಕೊಳ್ಳುತ್ತವೆ. ಒಂದೇ ಜಾಗದಲ್ಲಿ ಅಳೆದು "ಈ ಆಂಟೆನಾ ಚೆನ್ನಾಗಿದೆ" ಅಂದರೆ ನಾನು ನಂಬುವುದಿಲ್ಲ. ಹತ್ತು ಜಾಗದಲ್ಲಿ ಅಳೆಯಿರಿ, ಅತಿ ಕೆಟ್ಟದ್ದನ್ನು ಬರೆದಿಟ್ಟುಕೊಳ್ಳಿ.

ಎಣಿಕೆ ಸಾಲದು ಅನಿಸಿದರೆ ಮೊದಲು ವೇಗ ಇಳಿಸಿ. ಸೆಕೆಂಡಿಗೆ 2 ಮೆಗಾಬಿಟ್ ಇದ್ದಾಗ ಈ ಚಿಪ್ ಮೈನಸ್ 82 ಡಿಬಿಎಂನಷ್ಟು ಕ್ಷೀಣ ಸಿಗ್ನಲ್‌ವರೆಗೆ ಕೇಳಿಸಿಕೊಳ್ಳುತ್ತದೆ, 250 ಕಿಲೋಬಿಟ್‌ನಲ್ಲಿ ಮೈನಸ್ 94. ವ್ಯತ್ಯಾಸ 12 ಡಿಬಿ, ಬಯಲಿನಲ್ಲಿ ನಾಲ್ಕು ಪಟ್ಟು ದೂರ. ಒಂದು ಬಟನ್‌ನ ಸುದ್ದಿ ಮುಟ್ಟಿಸಲು 2 ಮೆಗಾಬಿಟ್ ಯಾಕೆ ಹೇಳಿ? (ಹೆಸರಲ್ಲಿ ಪ್ಲಸ್ ಇಲ್ಲದ ಹಳೆ ಚಿಪ್‌ನಲ್ಲಿ 250 ಇಲ್ಲ. ಕೊಳ್ಳುವಾಗ ನೋಡಿಕೊಳ್ಳಿ.)

ಚಾನೆಲ್ ಬಗ್ಗೆ ಒಂದೇ ಮಾತು. ವೈಫೈ ಇಲ್ಲದ ಕಡೆ ಸರಿಯಿರಿ, ಆದರೆ 83 ದಾಟಬೇಡಿ. ಚಾನೆಲ್ ನಂಬರ್ ಅಂದರೆ 2400ರ ಮೇಲೆ ಎಷ್ಟು ಮೆಗಾಹರ್ಟ್ಸ್ ಅಂತ. ಚಿಪ್ 125ರವರೆಗೂ ಹೋಗುತ್ತದೆ, ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿ ಪಟ್ಟಿ ಮಾತ್ರ 2483.5 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ.

[ದೃಶ್ಯ: ಪ್ಲಾಸ್ಟಿಕ್ ಡಬ್ಬಿಯೊಳಗೆ ಬೋರ್ಡ್, ಆಂಟೆನಾ ಮೇಲೆಯೇ ಬ್ಯಾಟರಿ. ಮುಚ್ಚಳ ಮುಚ್ಚಿ ಕೈಯಲ್ಲಿ ಹಿಡಿದಾಗ ಎಣಿಕೆ ಬೀಳುತ್ತದೆ.]

ಕೊನೆಯ ಪರೀಕ್ಷೆ ಡಬ್ಬಿಯೊಳಗೆ. ಇಲ್ಲಿ ಬ್ಯಾಟರಿಯ ಲೋಹ ಆಂಟೆನಾಗೆ ತಾಗುವಷ್ಟು ಹತ್ತಿರ ಇದೆ, ಮೇಲಿಂದ ನನ್ನ ಅಂಗೈ. ನಮ್ಮ ಮೈಯಲ್ಲಿ ನೀರೇ ಜಾಸ್ತಿ, ಅದು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಮೇಜಿನ ಮೇಲೆ ಪಾಸಾದ ಬೋರ್ಡ್ ಇಲ್ಲಿ ಫೇಲ್. ಬ್ಯಾಟರಿಯನ್ನು ಆ ತುದಿಗೆ ತಳ್ಳಿ, ಆಂಟೆನಾವನ್ನು ಡಬ್ಬಿಯ ಅಂಚಿಗೆ, ಬೆರಳು ಬೀಳದ ಕಡೆಗೆ ತರುತ್ತೇನೆ. ಪವರ್ ಮೈನಸ್ 18, ಆಟೋ ಆಕ್ ಆಫ್.

[ದೃಶ್ಯ: ಸೀರಿಯಲ್ ಮಾನಿಟರ್‌ನಲ್ಲಿ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ.]